ಹಕ್ಕಲಾಯುವವರ ಒಂಟಿತನ

ನಮ್ಮ ಕಡೆ ಒಂದು ಮಾತಿದೆ, ಹಕ್ಕಲು. ಪಟ್ಟಣದಲ್ಲಿ ಹುಟ್ಟಿ ಓದಿದ ಗೆಳೆಯರಿಗೆ ಇದು ಗೊತ್ತಿರೋದಿಲ್ಲ, ನಿಘಂಟು ತೆಗೆಯಬೇಕಾಗ್ತದೆ. ಹೊಲ ಕೊಯ್ದು, ಹೊರೆ ಕಟ್ಟಿ, ಗಾಡಿಗೆ ಹೇರಿ, ಒಡೆಯನ ಕಣಕ್ಕೆ ಸಾಗಿಸಿದ ಮೇಲೆ ಕೂಳೆಗಳ ನಡುವೆ ಉದುರಿ ಬಿದ್ದ ತೆನೆ ಇರ್ತದಲ್ಲ, ಅದು ಹಕ್ಕಲು. ಅದನ್ನು ಒಂದೊಂದಾಗಿ ಆಯ್ದು ಮಡಿಲಿಗೆ ತುಂಬಿಕೊಳ್ಳೋದು ಹಕ್ಕಲಾಯೋದು. ಗಂಡಸರು ಮಾಡೋ ಕೆಲಸ ಅಲ್ಲ. ಹೆಂಗಸರು, ಮುದುಕಿಯರು, ಮಕ್ಕಳು ಮಾಡ್ತಾರೆ. ನಮ್ಮವ್ವ ಮಾಡಿದ್ದಾಳೆ. ಅವಳ ಹಿಂದೆ ನಾನೂ ಹೋಗಿದ್ದೇನೆ. ಕಡಲೆಕಾಯಿ ಕಿತ್ತ ಹೊಲದಲ್ಲಿ ಮಣ್ಣು ಕೆದಕಿ ಕೆದಕಿ ಉಗುರು ಸವೆದದ್ದು ಇನ್ನೂ ನೆನಪಿದೆ.

ಈ ಕೆಲಸವನ್ನು ಯಾರಾದರೂ ಚಿತ್ರ ಬರೆದಿರಬಹುದು ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ಚಿತ್ರ ಅಂದರೆ ನಮಗೆ ಗೊತ್ತಿದ್ದದ್ದು ದೇವರ ಪಟ, ಇಲ್ಲವೇ ಸೋಪಿನ ಕ್ಯಾಲೆಂಡರಿನ ಹೆಂಗಸು. ಕಾಲೇಜಿನ ಲೈಬ್ರರಿಯಲ್ಲಿ ಒಂದು ದಿನ ಬೆನ್ನು ಕಿತ್ತುಹೋದ ದಪ್ಪ ಪುಸ್ತಕವೊಂದನ್ನು ತಿರುವಿ ಹಾಕುವಾಗ ಆ ಪುಟ ಕಂಡಿತು. ಮೂರು ಜನ ಹೆಂಗಸರು. ಇಬ್ಬರು ಪೂರಾ ಬಗ್ಗಿದ್ದಾರೆ, ಕೈ ನೆಲಕ್ಕೆ ತಾಗಿದೆ. ಒಬ್ಬಳು ಆಯ್ದ ತೆನೆಗಳ ಹಿಡಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾಳೆ. ಮೂರನೆಯವಳು ಅರ್ಧ ಎದ್ದಿದ್ದಾಳೆ. ತಲೆಗೆ ವಸ್ತ್ರ ಕಟ್ಟಿದ್ದಾರೆ, ನೀಲಿ, ಕೆಂಪು, ಹಳದಿ. ಮುಖ ಕಾಣೋದಿಲ್ಲ, ಕಂಡರೂ ಕತ್ತಲೆ. ಹಿಂದೆ ಬಹುದೂರದಲ್ಲಿ ಬೆಳಕು ಚೆಲ್ಲಿದ ಬಯಲು, ಬಣವೆಗಳು, ಹೊರೆ ಹೇರುತ್ತಿರುವ ಗಾಡಿ, ಇರುವೆಯಂಥ ಜನ. ಬರೆದವನು ಜಾನ್ ಫ್ರಾನ್ಸ್ವಾ ಮಿಲೆ. ಫ್ರಾನ್ಸ್ ದೇಶದವನು. ಬರೆದದ್ದು 1857ರಲ್ಲಿ. ಚಿತ್ರ ದೊಡ್ಡದೇನಲ್ಲ, ಎತ್ತರ 83.5 ಸೆಂಟಿಮೀಟರು, ಅಗಲ 111. ಈಗ ಪ್ಯಾರಿಸ್ಸಿನ ಓರ್ಸೆ ವಸ್ತು ಸಂಗ್ರಹಾಲಯದಲ್ಲಿದೆ.

ಆ ಪುಸ್ತಕವನ್ನು ರಜೆಯಲ್ಲಿ ಊರಿಗೆ ಒಯ್ದು ಅವ್ವನಿಗೆ ತೋರಿಸಿದೆ. ಅಕ್ಷರ ಬಾರದವಳು. ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಇದು ನೆಲ್ಲೋ ರಾಗಿಯೋ ಅಂದಳು. ಗೋಧಿ ಅಂದೆ. ಆಮೇಲೆ ಬಲಗಡೆ ಮೂಲೆಯಲ್ಲಿ, ಹಿಂದುಗಡೆ, ಸಾಸಿವೆ ಕಾಳಿನಷ್ಟು ಇದ್ದ ಒಂದು ಆಕಾರದ ಮೇಲೆ ಬೆರಳಿಟ್ಟು, 'ಕುದುರೆ ಮೇಲೆ ಕುಂತವ್ನಲ್ಲ, ಇವ್ನು ಯಾರು?' ಅಂತ ಕೇಳಿದಳು. ನಾನು ಆ ಚಿತ್ರವನ್ನು ಹತ್ತು ಸಲ ನೋಡಿದ್ದೆ. ಅದರ ಬಗ್ಗೆ ಎರಡು ಪುಟ ಓದಿದ್ದೆ. ಕುದುರೆಯವನನ್ನು ನಾನು ನೋಡಿರಲೇ ಇಲ್ಲ. ಅವನು ಹೊಲದ ಯಜಮಾನನ ಕಡೆಯ ಮೇಸ್ತ್ರಿ. ಕೊಯ್ಲಿನವರ ಮೇಲೂ ಹಕ್ಕಲಾಯುವವರ ಮೇಲೂ ಕಣ್ಣಿಟ್ಟು ನಿಂತವನು. ಅವ್ವನ ಕಣ್ಣಿಗೆ ಮೊದಲು ಬಿದ್ದವನು ಅವನೇ. 'ಈ ಮೂರನೇವ್ಳಿಗೆ ಸೊಂಟ ಹಿಡಕಂಡದೆ, ಅದಕ್ಕೇ ನೆಟ್ಟಗಾಗವ್ಳೆ' ಅಂತಲೂ ಹೇಳಿದಳು. ಕಲಾ ವಿಮರ್ಶಕರು ಆ ಮೂರು ಭಂಗಿಗಳ ಲಯ, ಸಂಯೋಜನೆ ಅಂತ ಏನೇನೋ ಬರೆದಿದ್ದಾರೆ. ಬಗ್ಗೋದು, ಆಯೋದು, ಸೊಂಟ ನೋಯೋದು, ಅಷ್ಟೇ ಅಲ್ಲಿರೋದು.

ಈ ಚಿತ್ರದಲ್ಲಿ ಇನ್ನೊಂದಿದೆ. ಮೂವರು ಅಕ್ಕಪಕ್ಕದಲ್ಲೇ ಇದ್ದಾರೆ, ಆದರೆ ಯಾರೂ ಯಾರ ಜೊತೆಗೂ ಮಾತಾಡ್ತಿಲ್ಲ. ಒಬ್ಬಳು ಇನ್ನೊಬ್ಬಳ ಕಡೆ ನೋಡ್ತಿಲ್ಲ. ಹಿಂದೆ ಕೊಯ್ಲಿನವರ ಗುಂಪು, ಗಲಾಟೆ, ಸುಗ್ಗಿ. ಮುಂದೆ ಇವರು, ಸದ್ದಿಲ್ಲದೆ. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ, ಏಕಾಂತ ಮತ್ತು ಒಂಟಿತನ. ಏಕಾಂತವನ್ನು ಮನುಷ್ಯ ತಾನೇ ಹುಡುಕಿಕೊಂಡು ಹೋಗ್ತಾನೆ. ಸನ್ಯಾಸಿಗೆ ಅದು ಬೇಕು, ಕವಿಗೆ ಬೇಕು, ಹೊಟ್ಟೆ ತುಂಬಿದವನಿಗೆ ಬೇಕು. ಒಂಟಿತನವನ್ನು ಯಾರೂ ಹುಡುಕೋದಿಲ್ಲ, ಅದು ಮೇಲೆ ಬೀಳ್ತದೆ. ಯುರೋಪಿನ ಚಿತ್ರಕಲೆಯಲ್ಲಿ ಮೊದಲು ಬಂದದ್ದು ಏಕಾಂತ. ಜರ್ಮನಿಯ ಫ್ರೀಡ್ರಿಕ್ ಎಂಬ ಚಿತ್ರಕಾರ ಸುಮಾರು 1818ರಲ್ಲಿ ಬರೆದ ಒಂದು ಪ್ರಸಿದ್ಧ ಚಿತ್ರವಿದೆ. ಒಳ್ಳೆ ಕೋಟು ತೊಟ್ಟ ಒಬ್ಬ ಮನುಷ್ಯ ಕೈಯಲ್ಲಿ ಕೋಲು ಹಿಡಿದು ಬಂಡೆಯ ತುದಿಯಲ್ಲಿ ನಿಂತು, ಕೆಳಗೆ ಹಬ್ಬಿದ ಮಂಜನ್ನು ನೋಡ್ತಾ ಇದ್ದಾನೆ. ಬೆನ್ನು ಮಾತ್ರ ಕಾಣ್ತದೆ. ಆ ಬೆನ್ನು ನೆಟ್ಟಗಿದೆ. ಅವನು ಬೆಟ್ಟ ಇಳಿದು ಮನೆಗೆ ಹೋದರೆ ಯಾರೋ ಬಿಸಿ ಸೂಪು ಇಟ್ಟಿರ್ತಾರೆ. ಆ ಸೂಪಿನ ಗೆಡ್ಡೆಯನ್ನು ಕಿತ್ತವರ ಬೆನ್ನು ಚಿತ್ರಕ್ಕೆ ಬರೋದಕ್ಕೆ ಇನ್ನೂ ಮೂವತ್ತು ವರ್ಷ ಬೇಕಾಯ್ತು.

ಮೂವತ್ತು ವರ್ಷ ಅಂತ ಯಾಕೆ ಲೆಕ್ಕ ಹೇಳಿದೆ ಅಂದರೆ, ನಡುವೆ 1848 ಬಂತು. ಆ ವರ್ಷ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಜನ ಎದ್ದು ರಾಜನನ್ನು ಓಡಿಸಿದರು. ಗಂಡಸರಿಗೆಲ್ಲ ಓಟು ಬಂತು. ಜೂನ್‌ನಲ್ಲಿ ಕೂಲಿಕಾರರು ಮತ್ತೆ ಎದ್ದಾಗ ಹೊಸ ಗಣರಾಜ್ಯವೇ ಅವರ ಮೇಲೆ ಗುಂಡು ಹಾರಿಸಿತು. ಡಿಸೆಂಬರ್‌ನಲ್ಲಿ ಹಳ್ಳಿಗಳ ಓಟು ಲೂಯಿ ನೆಪೋಲಿಯನ್ ಎಂಬವನನ್ನು ಗಾದಿಗೆ ಕೂರಿಸಿತು. ಮೂರು ವರ್ಷದಲ್ಲಿ, 1851ರ ಡಿಸೆಂಬರ್ 2ರಂದು, ಅವನು ಆ ಗಣರಾಜ್ಯದ ಕತ್ತನ್ನೇ ಹಿಸುಕಿದ. ಅಲ್ಲಿವರೆಗೆ ಪ್ಯಾರಿಸ್ಸಿನ ದೊಡ್ಡಮನುಷ್ಯರಿಗೆ ಹಳ್ಳಿಯವನು ಅಂದರೆ ನಾಟಕದ ವಿದೂಷಕ, ಇಲ್ಲವೇ ಕೊಳಲೂದುವ ಮುದ್ದು ಕುರುಬ. ಈಗ ಅವನ ಕೈಯಲ್ಲಿ ಓಟು ಇದೆ. ಅವನು ಏನು ಮಾಡ್ತಾನೋ ಗೊತ್ತಿಲ್ಲ. ಹಳ್ಳಿಯ ಚಿತ್ರ ಕಂಡರೆ ಅವರು ಬೆಚ್ಚಿಬೀಳ್ತಾ ಇದ್ದದ್ದಕ್ಕೆ ಕಾರಣ ಇದು. ಚಿತ್ರವನ್ನಷ್ಟೇ ನೋಡಿದರೆ ಆ ಭಯ ಅರ್ಥವಾಗೋದಿಲ್ಲ.

ಪ್ಯಾರಿಸ್ಸಿನಲ್ಲಿ ಸಲೋನ್ ಅಂತ ಸರ್ಕಾರಿ ಚಿತ್ರಪ್ರದರ್ಶನ ನಡೀತಿತ್ತು. ಅಲ್ಲಿ ಯಾವ ಚಿತ್ರ ತೂಗಬೇಕು, ಯಾವುದು ಬೇಡ ಅಂತ ತೀರ್ಮಾನಿಸೋರು ಇದ್ದರು. ನಮ್ಮ ಸಾಹಿತ್ಯ ಸಮ್ಮೇಳನದ ವೇದಿಕೆ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. 1850–51ರ ಸಲೋನಿನಲ್ಲಿ ಗುಸ್ತಾವ್ ಕೂರ್ಬೆ ಎಂಬ ಮೂವತ್ತೊಂದರ ಹುಡುಗ ತೂಗಿಸಿದ ಎರಡು ಚಿತ್ರಗಳು ಆ ವೇದಿಕೆಯನ್ನು ಅಲ್ಲಾಡಿಸಿಬಿಟ್ಟವು.

ಒಂದು, ಕಲ್ಲು ಒಡೆಯುವವರು. ರಸ್ತೆ ಬದಿ ಇಬ್ಬರು. ಒಬ್ಬ ಮುದುಕ, ಒಂದು ಮಂಡಿ ಊರಿ ಸುತ್ತಿಗೆ ಎತ್ತಿದ್ದಾನೆ. ಪ್ಯಾಂಟಿಗೆ ತೇಪೆ, ಕಾಲಿಗೆ ಮರದ ಜೋಡು, ಕಾಲುಚೀಲದ ಹಿಮ್ಮಡಿ ತೂತು. ಅವನ ಹಿಂದೆ ಒಬ್ಬ ಹುಡುಗ, ಹರಿದ ಅಂಗಿ, ಜಲ್ಲಿ ತುಂಬಿದ ಬುಟ್ಟಿಯನ್ನು ತೊಡೆಗೆ ಆನಿಸಿಕೊಂಡು ಎತ್ತುತ್ತಿದ್ದಾನೆ. ಮುದುಕನ ಮುಖವನ್ನು ಟೋಪಿ ಮುಚ್ಚಿದೆ, ಹುಡುಗನದು ಆಚೆಗೆ ತಿರುಗಿದೆ. ಬಲಗಡೆ ಒಂದು ಗಂಜಿಪಾತ್ರೆ. ಗುಡ್ಡ ಇಡೀ ಹಿನ್ನೆಲೆಯನ್ನು ಮುಚ್ಚಿಕೊಂಡಿದೆ, ಮೂಲೆಯಲ್ಲಿ ಮಾತ್ರ ಅಂಗೈಯಗಲ ಆಕಾಶ. ಕೂರ್ಬೆ ದಾರಿಯಲ್ಲಿ ಹೋಗ್ತಾ ಇಬ್ಬರನ್ನು ಕಂಡವನು ಗಾಡಿ ನಿಲ್ಲಿಸಿ, ನಾಳೆ ನನ್ನ ಚಿತ್ರಶಾಲೆಗೆ ಬನ್ನಿ ಅಂತ ಕರೆದ. ಅವರನ್ನು ನಿಲ್ಲಿಸಿಕೊಂಡು ಎರಡೂವರೆ ಮೀಟರಿಗೂ ಹೆಚ್ಚು ಅಗಲದ ಬಟ್ಟೆಯ ಮೇಲೆ, ಆಳಿನ ಅಳತೆಗೆ ಬರೆದ. ಆಳಿನ ಅಳತೆ ಅನ್ನೋದೇ ತಕರಾರಿಗೆ ಕಾರಣ. ಆ ಅಳತೆ ರಾಜರಿಗೆ, ದೇವರುಗಳಿಗೆ, ಯುದ್ಧ ಗೆದ್ದವರಿಗೆ ಮೀಸಲಾಗಿತ್ತು. ಕೂಲಿಯವನನ್ನು ಬರೀಬಾರದು ಅಂತ ಯಾರೂ ಹೇಳಿರಲಿಲ್ಲ. ಬರೀಬಹುದು, ಚಿಕ್ಕದಾಗಿ, ಮೂಲೆಯಲ್ಲಿ, ನಗು ಬರೋ ಹಾಗೆ. ದೇವಸ್ಥಾನದ ಒಳಗೆ ಬರಬೇಡ, ಬೇಕಾದರೆ ಆಚೆ ನಿಂತು ತಮಟೆ ಹೊಡಿ ಅಂದ ಹಾಗೆ. ಕೂರ್ಬೆ ಕಲ್ಲು ಒಡೆಯುವವನನ್ನು ಗರ್ಭಗುಡಿಗೇ ಕರಕೊಂಡು ಬಂದ.

ಈ ಚಿತ್ರದ ಒಂಟಿತನ ಬೇರೆ ತರದ್ದು. ಇಬ್ಬರ ನಡುವೆ ಒಂದು ಮೊಳ ದೂರ, ಅಷ್ಟೇ. ಆದರೆ ನಡುವೆ ಒಂದು ಇಡೀ ಆಯುಷ್ಯವಿದೆ. ಹುಡುಗ ನಾಳೆ ಆಗೋದು ಆ ಮುದುಕನೇ. ಮುದುಕ ನಿನ್ನೆ ಆಗಿದ್ದವನು ಆ ಹುಡುಗನೇ. ಇದನ್ನು ನಾನು ಕಟ್ಟಿ ಹೇಳ್ತಾ ಇಲ್ಲ, ಈ ಕಸುಬಿನಲ್ಲಿ ಹೀಗೆ ಶುರುಮಾಡಿದವನು ಹೀಗೇ ಮುಗಿಸ್ತಾನೆ ಅಂತ ಕೂರ್ಬೆಯೇ ತನ್ನ ಕಾಗದದಲ್ಲಿ ಹೇಳಿಕೊಂಡಿದ್ದಾನೆ.

ನೋಡಬೇಕು ಅಂದರೆ ಈ ಚಿತ್ರ ಈಗ ಇಲ್ಲ. ಎರಡನೆಯ ಮಹಾಯುದ್ಧದ ಕೊನೆಗೆ, 1945ರ ಫೆಬ್ರವರಿಯಲ್ಲಿ, ಡ್ರೆಸ್ಡೆನ್ ಸಂಗ್ರಹಾಲಯದ ಚಿತ್ರಗಳನ್ನು ಬೇರೆಡೆಗೆ ಸಾಗಿಸುವಾಗ ಬಾಂಬು ಬಿದ್ದು ಸುಟ್ಟುಹೋಯ್ತು. ಉಳಿದಿರೋದು ಫೋಟೋಗಳು. ಆ ಮುದುಕನಿಗೆ ಮುಖವೂ ಇರಲಿಲ್ಲ, ಈಗ ಬಣ್ಣವೂ ಇಲ್ಲ.

ಇನ್ನೊಂದು ಚಿತ್ರ ಓರ್ನಾನಿನಲ್ಲೊಂದು ಶವಸಂಸ್ಕಾರ. ಓರ್ನಾನ್ ಕೂರ್ಬೆಯ ಹುಟ್ಟೂರು. ಆರೂವರೆ ಮೀಟರು ಅಗಲ, ನಲವತ್ತಕ್ಕೂ ಹೆಚ್ಚು ಜನ, ಪಾದ್ರಿ, ಗುಂಡಿ ತೋಡುವವನು, ಅಳುವ ಹೆಂಗಸರು, ಒಂದು ನಾಯಿ. ಸತ್ತವನು ಯಾರು ಅಂತ ಚಿತ್ರ ಹೇಳೋದಿಲ್ಲ. ಇಷ್ಟು ಜನ ಒಟ್ಟಿಗೆ ನಿಂತಿದ್ದರೂ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ. ಇಷ್ಟು ಕುರೂಪಿಗಳನ್ನು ಯಾಕೆ ಬರೆದೆ ಅಂತ ಪ್ಯಾರಿಸ್ಸಿನವರು ಬೈದರು. ಆ ಕುರೂಪಿಗಳು ಅವನ ಊರಿನವರು, ನೆಂಟರು, ಮನೆಯವರು.

ಮಿಲೆಗೆ ಬರೋಣ. ಕೂರ್ಬೆ ಅನುಕೂಲಸ್ಥರ ಮನೆಯ ಮಗ, ಬಾಯಿ ಜೋರು, ಎಲ್ಲಿ ಹೋದರೂ ಸಭೆ ಸೇರಿಸುವವನು. ಮಿಲೆ ಹಾಗಲ್ಲ. 1814ರಲ್ಲಿ ನಾರ್ಮಂಡಿಯ ಸಮುದ್ರತೀರದ ಗ್ರುಶಿ ಎಂಬ ಕೊಪ್ಪಲಿನಲ್ಲಿ ರೈತರ ಮನೆಯ ಹಿರಿಯ ಮಗನಾಗಿ ಹುಟ್ಟಿದ. ಉತ್ತ, ಬಿತ್ತ, ಕೊಯ್ದ. ಊರ ಪಾದ್ರಿಯಿಂದ ಒಂದಿಷ್ಟು ಲ್ಯಾಟಿನ್ ಕಲಿತ. ಕಲಿಯೋದಕ್ಕೆ ಹತ್ತಿರದ ಶೆರ್ಬೂರ್ ಪಟ್ಟಣಕ್ಕೆ ಹೋಗಿದ್ದವನು ಅಪ್ಪ ಸತ್ತಾಗ ಬೇಸಾಯ ನೋಡಿಕೊಳ್ಳಲು ಮನೆಗೆ ಬಂದ. ನೀನು ವಾಪಸು ಹೋಗು ಅಂತ ಅಜ್ಜಿ ಕಳಿಸಿದಳು. 1837ರಲ್ಲಿ ಶೆರ್ಬೂರ್ ನಗರಸಭೆ ಕೊಟ್ಟ ವಿದ್ಯಾರ್ಥಿವೇತನ ಹಿಡಿದು ಪ್ಯಾರಿಸ್ಸಿನ ಕಲಾಶಾಲೆಗೆ ಹೋದ. ಜೊತೆಯ ಹುಡುಗರು ಅವನನ್ನು ಕಾಡುಮನುಷ್ಯ ಅಂತ ಹಂಗಿಸ್ತಿದ್ದರಂತೆ, ಅವನ ಗೆಳೆಯ ಸೆನ್ಸಿಯೆ ಬರೆದ ಜೀವನಚರಿತ್ರೆಯಲ್ಲಿ ಈ ಮಾತಿದೆ. ಎರಡು ವರ್ಷಕ್ಕೆ ಒಂದು ಸ್ಪರ್ಧೆಯಲ್ಲಿ ಸೋತ, ವಿದ್ಯಾರ್ಥಿವೇತನ ನಿಂತಿತು. ಆಮೇಲೆ ಹೊಟ್ಟೆಪಾಡಿಗೆ ಭಾವಚಿತ್ರ, ಬೆತ್ತಲೆ ಹೆಂಗಸರ ಚಿತ್ರ. ಮೊದಲ ಹೆಂಡತಿ 1844ರಲ್ಲಿ ಸತ್ತಳು.

ಹಾಸ್ಟೆಲ್ಲಿನಲ್ಲಿ ಇದ್ದು, ಸ್ಕಾಲರ್‌ಶಿಪ್ ಯಾವಾಗ ಬರ್ತದೋ ಅಂತ ನೋಟೀಸು ಬೋರ್ಡು ಕಾದು, ತರಗತಿಯಲ್ಲಿ ಬಾಯಿ ಬಿಟ್ಟರೆ ನಮ್ಮ ಕನ್ನಡ ಕೇಳಿ ನಕ್ಕವರನ್ನು ಕಂಡ ನನ್ನಂಥವರಿಗೆ ಇದನ್ನು ಓದುವಾಗ ಏನೋ ಆಗ್ತದೆ. ಆದರೆ ಎಚ್ಚರ ಬೇಕು. ಮಿಲೆ ಬಡವನಾಗಿದ್ದ, ಅಸ್ಪೃಶ್ಯನಾಗಿರಲಿಲ್ಲ. ಅವನ ಮನೆಗೆ ಸ್ವಂತ ಹೊಲ ಇತ್ತು, ಅವನ ಊರಿನ ಬಾವಿ ಅವನದೂ ಆಗಿತ್ತು. ಈ ವ್ಯತ್ಯಾಸ ಮರೆತು ಅವನನ್ನು ನಮ್ಮವನು ಅಂತ ತಬ್ಬಿಕೊಂಡರೆ ಅದು ಸುಳ್ಳಾಗ್ತದೆ.

1848ರ ಸಲೋನಿನಲ್ಲಿ ಅವನು ತೂಗಿಸಿದ್ದು ತೂರುವವನ ಚಿತ್ರ. ಮುಖ ಕತ್ತಲಲ್ಲಿ, ಧಾನ್ಯ ಚಿನ್ನದ ಪುಡಿಯ ಹಾಗೆ ಗಾಳಿಯಲ್ಲಿ. ಕೆಂಪು, ಬಿಳಿ, ನೀಲಿ ಬಟ್ಟೆ, ಗಣರಾಜ್ಯದ ಬಾವುಟದ ಬಣ್ಣಗಳು. ಹೊಸ ಸರ್ಕಾರದ ಗೃಹಮಂತ್ರಿ ಲೆದ್ರು ರೊಲೆನ್ 500 ಫ್ರಾಂಕಿಗೆ ಕೊಂಡ. ಮರುವರ್ಷ ಪ್ಯಾರಿಸ್ಸಿಗೆ ಕಾಲರಾ ಬಂದಾಗ ಮಿಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಫಾಂತೆನ್‌ಬ್ಲೊ ಕಾಡಿನ ಅಂಚಿನ ಬಾರ್ಬಿಜಾನ್ ಹಳ್ಳಿಗೆ ಹೋದ. ಸಾಯೋ ತನಕ ಅಲ್ಲೇ ಉಳಿದ. ಕಾಡಿಗೆ ಬೇರೆ ಚಿತ್ರಕಾರರೂ ಬಂದಿದ್ದರು, ಅವರು ಮರಗಳನ್ನು ಬರೆದರು. ಇವನು ಕಾಡಿಗೆ ಬೆನ್ನು ಹಾಕಿ ಷಾಯಿ ಎಂಬ ಊರಿನ ಕಡೆಯ ಬಯಲನ್ನು ನೋಡಿದ. ಪ್ಯಾರಿಸ್ಸಿನ ಹೊಟ್ಟೆಗೆ ಗೋಧಿ ಬೆಳೆಯುವ ದೊಡ್ಡ ದೊಡ್ಡ ಹೊಲಗಳ ಬಯಲು. ಗ್ರುಶಿಯಂತೆ ಮನೆಮಂದಿ ಸೇರಿ ಉಳುವ ತುಂಡು ನೆಲವಲ್ಲ. ಇಲ್ಲಿ ನೆಲ ಒಬ್ಬನದು, ಕೈ ಇನ್ನೊಬ್ಬನದು. ಅವನ ಚಿತ್ರಗಳಲ್ಲಿ ಮನುಷ್ಯರು ಅಷ್ಟು ಒಂಟಿಯಾಗಿ, ಹಿಂದೆ ಬಯಲು ಅಷ್ಟು ಖಾಲಿಯಾಗಿ ಯಾಕೆ ಕಾಣ್ತದೆ ಅನ್ನೋದಕ್ಕೆ ಅವನ ಮನಸ್ಸಿನ ದುಃಖವೇ ಕಾರಣ ಅಂತ ಹೇಳೋರಿದ್ದಾರೆ. ನನಗೆ ಅನ್ನಿಸೋದು, ಆ ನೆಲದ ಒಡೆತನವೇ ಅರ್ಧ ಕಾರಣ.

ಹಕ್ಕಲಿಗೆ ಫ್ರಾನ್ಸಿನಲ್ಲಿ ಕಾನೂನೇ ಇತ್ತು. 1554ರ ರಾಜಾಜ್ಞೆ ಮುದುಕರಿಗೆ, ಅಂಗವಿಕಲರಿಗೆ, ಮಕ್ಕಳಿಗೆ ಹಕ್ಕಲಾಯುವ ಹಕ್ಕು ಕೊಟ್ಟಿತ್ತು. ನೆಪೋಲಿಯನ್ ಕಾಲದ 1810ರ ದಂಡಸಂಹಿತೆಯ 471ನೇ ಕಲಮು ಇನ್ನೊಂದು ಹೇಳಿತು: ಬೆಳೆ ಪೂರ್ತಿ ಸಾಗಿಸದ ಹೊಲಕ್ಕೆ ಕಾಲಿಟ್ಟರೆ, ಸೂರ್ಯ ಹುಟ್ಟುವ ಮೊದಲು ಅಥವಾ ಮುಳುಗಿದ ಮೇಲೆ ಆಯ್ದರೆ ದಂಡ. ಈಗ ಚಿತ್ರವನ್ನು ಮತ್ತೆ ನೋಡಿ. ಗಾಡಿ ಅಷ್ಟು ದೂರ ಯಾಕಿದೆ, ಹೆಂಗಸರು ಗುಂಪಿನಿಂದ ಅಷ್ಟು ಆಚೆ ಯಾಕಿದ್ದಾರೆ, ಕುದುರೆಯವನು ಯಾಕಿದ್ದಾನೆ. ಆ ದೂರ ಚಿತ್ರಕಾರನ ಕಲ್ಪನೆ ಅಲ್ಲ, ಕಾನೂನಿನ ದೂರ. ಹೊತ್ತು ಮುಳುಗೋದರ ಒಳಗೆ ಮಡಿಲು ತುಂಬಬೇಕು. ಮಾತಾಡೋದಕ್ಕೆ ಪುರುಸೊತ್ತು ಎಲ್ಲಿ? ಅಕ್ಕಪಕ್ಕದವಳು ಆಯ್ದರೆ ಆ ತೆನೆ ತನಗಿಲ್ಲ. ಬಡತನ ಹತ್ತಿರದವರನ್ನೇ ಒಬ್ಬರಿಂದೊಬ್ಬರನ್ನು ದೂರ ಮಾಡೋದು ಹೀಗೆ.

ಬೈಬಲ್ಲಿನಲ್ಲಿ ರೂತ್ ಎಂಬ ಹೆಣ್ಣಿನ ಕತೆ ಇದೆ. ಬೇರೆ ನಾಡಿನಿಂದ ಬಂದ ವಿಧವೆ, ಹಕ್ಕಲಾಯುತ್ತಾಳೆ. ಹೊಲದ ಯಜಮಾನ ಬೋವಜ್ ಕರುಣೆ ತೋರಿ ಕಡೆಗೆ ಮದುವೆ ಆಗ್ತಾನೆ. ಮಿಲೆ ಮೊದಲು ಈ ಕತೆಯನ್ನೇ ಇಟ್ಟುಕೊಂಡು ಉಣ್ಣಲು ಕೂತ ಕೊಯ್ಲಿನವರ ಚಿತ್ರ ಬರೆದು 1853ರ ಸಲೋನಿಗೆ ಕಳಿಸಿದ. ಅದರಲ್ಲಿ ಆಳುಗಳೆಲ್ಲ ಬಣವೆಯ ನೆರಳಲ್ಲಿ ಗುಂಪಾಗಿ ಕೂತು ಉಣ್ತಿದ್ದಾರೆ, ರೂತ್ ತಲೆ ತಗ್ಗಿಸಿ ಆಚೆ ನಿಂತಿದ್ದಾಳೆ, ಯಜಮಾನ ಅವಳನ್ನು ಪಂಕ್ತಿಗೆ ಕರೆದು ತರ್ತಿದ್ದಾನೆ. ಆ ಚಿತ್ರಕ್ಕೆ ಪದಕ ಬಂತು. ನಾಲ್ಕು ವರ್ಷ ಬಿಟ್ಟು ಬರೆದ ಹಕ್ಕಲಾಯುವವರಲ್ಲಿ ಯಜಮಾನ ಇಲ್ಲ, ಕರುಣೆ ಇಲ್ಲ, ಮದುವೆ ಇಲ್ಲ. ಅದಕ್ಕೆ ಬೈಗುಳ ಬಂತು. ಒಬ್ಬ ವಿಮರ್ಶಕ ಈ ಮೂವರನ್ನು ದರಿದ್ರದೇವತೆಗಳು ಅನ್ನೋ ಅರ್ಥದಲ್ಲಿ ಹೀಯಾಳಿಸಿದ. ಇನ್ನೊಬ್ಬನಿಗೆ ಇವರ ಹಿಂದೆ ದಂಗೆಕೋರರ ಈಟಿಗಳೂ 1793ರ ಗಲ್ಲುಮಂಚವೂ ಕಂಡವಂತೆ. ಮೂರು ಹೆಂಗಸರು ಬಗ್ಗಿ ತೆನೆ ಆಯ್ದರೆ ಗಲ್ಲುಮಂಚ ಕಾಣ್ತದೆ! ಇವರು ಒಂದು ದಿನ ಒಟ್ಟಿಗೆ ಎದ್ದು ನಿಂತರೆ ಏನು ಗತಿ ಅಂತ ಅವನಿಗೆ ಒಳಗೊಳಗೇ ಗೊತ್ತಿತ್ತು. ಆ ವಿಮರ್ಶಕ ಮೂರ್ಖನಲ್ಲ. ಹೊಗಳಿದವರಿಗಿಂತ ಚೆನ್ನಾಗಿ ಅವನೇ ಚಿತ್ರವನ್ನು ಓದಿದ್ದಾನೆ.

ಎರಡು ವರ್ಷಕ್ಕೆ ಜೂಲ್ ಬ್ರೆತೋನ್ ಎಂಬವನು ಅದೇ ವಸ್ತುವನ್ನು ಬರೆದ. ಸಂಜೆ ಹೊತ್ತು, ಕಾವಲುಗಾರ ಬಾಯಿಗೆ ಕೈ ಅಡ್ಡ ಹಿಡಿದು ಹಕ್ಕಲಾಯುವವರನ್ನು ಮನೆಗೆ ಕೂಗ್ತಿದ್ದಾನೆ. ಅವನ ಹೆಂಗಸರು ನೆಟ್ಟಗೆ, ಮೈಕೈ ತುಂಬಿಕೊಂಡು, ತಲೆಯ ಮೇಲೆ ಹೊರೆ ಹೊತ್ತು, ದೇವಲೋಕದವರ ಹಾಗೆ ನಡೆದು ಬರ್ತಾರೆ. 1859ರ ಸಲೋನಿನಲ್ಲಿ ಎಲ್ಲರಿಗೂ ಮೆಚ್ಚಿಗೆ ಆಯ್ತು, ಚಕ್ರವರ್ತಿಯ ಅರಮನೆಯವರೇ ಕೊಂಡರು. ಅದೇ ವರ್ಷ ಮಿಲೆ ಸಾವು ಮತ್ತು ಸೌದೆಯವನ ಚಿತ್ರ ಕಳಿಸಿದ್ದ. ಅದನ್ನು ಬಾಗಿಲಲ್ಲೇ ತಿರಸ್ಕರಿಸಿದರು. ಹಳ್ಳಿಯ ಚಿತ್ರಕ್ಕೆ ಯಾರೂ ಬೇಡ ಅನ್ನಲಿಲ್ಲ ಅನ್ನೋದನ್ನು ನಾವು ಗಮನಿಸಬೇಕು. ಬೆನ್ನು ನೆಟ್ಟಗಿರಬೇಕು, ಅಷ್ಟೇ.

1863ರಲ್ಲಿ ಗುದ್ದಲಿಯವನು ಬಂದ. ಕಲ್ಲು ಮುಳ್ಳಿನ ನೆಲದಲ್ಲಿ ಒಬ್ಬನೇ, ಗುದ್ದಲಿ ಕಾವಿನ ಮೇಲೆ ಎರಡೂ ಕೈ ಊರಿ ಉಸಿರು ಎಳಕೊಳ್ತಿದ್ದಾನೆ. ಬಾಯಿ ಅರೆ ತೆರೆದಿದೆ, ಕಣ್ಣು ಎಲ್ಲೋ ಇದೆ. ಆಗ ಸುದ್ದಿಯಲ್ಲಿದ್ದ ಒಬ್ಬ ಕೊಲೆಗಾರನ ಹೆಸರಿಟ್ಟು ಅವನನ್ನು ಗೇಲಿ ಮಾಡಿದರು. ಮರುವರ್ಷ ಕುರಿ ಕಾಯುವ ಹುಡುಗಿಯ ಚಿತ್ರ ಹೋಯಿತು. ಅವಳೂ ಬಯಲಲ್ಲಿ ಒಬ್ಬಳೇ. ತಲೆ ತಗ್ಗಿಸಿ ಹೆಣಿಗೆ ಹಾಕ್ತಾ ನಿಂತಿದ್ದಾಳೆ, ಹಿಂದೆ ಸೂರ್ಯ ಇಳೀತಿದ್ದಾನೆ. ಅವಳನ್ನು ಎಲ್ಲರೂ ಕೊಂಡಾಡಿದರು, ಪದಕ ಕೊಟ್ಟರು. ಎರಡೂ ಒಂಟಿತನವೇ. ಆದರೆ ಆ ಹುಡುಗಿಯ ಒಂಟಿತನವನ್ನು ಪ್ಯಾರಿಸ್ಸಿನವನು ಏಕಾಂತ ಅಂತ ಓದಿಕೊಳ್ಳಬಹುದಿತ್ತು, ಪ್ರಾರ್ಥನೆ ಅಂತ ಓದಿಕೊಳ್ಳಬಹುದಿತ್ತು. ಗುದ್ದಲಿಯವನನ್ನು ಹಾಗೆ ಓದೋದಕ್ಕೆ ಆಗ್ತಿರಲಿಲ್ಲ. ದಣಿದವನ ತೆರೆದ ಬಾಯಿ ಪ್ರಾರ್ಥನೆ ಆಗೋದಿಲ್ಲ. ಹೇಳಿಬಿಡ್ತೇನೆ, ಆ ಕುರಿ ಹುಡುಗಿಯ ಚಿತ್ರ ನನಗೂ ಬಹಳ ಇಷ್ಟ. ಇಷ್ಟವಾದಾಗೆಲ್ಲ ಸ್ವಲ್ಪ ಅನುಮಾನ ಬರ್ತದೆ.

ಚಿತ್ರಗಳ ಆಮೇಲಿನ ಕತೆ ದುಡ್ಡಿನ ಕತೆ. ಹಕ್ಕಲಾಯುವವರನ್ನು ಮಿಲೆ 3,000 ಫ್ರಾಂಕಿಗೆ ಮಾರಿದ್ದ. 1889ರಲ್ಲಿ ಶಾಂಪೇನ್ ಮದ್ಯದ ಒಡತಿ ಮೇಡಂ ಪೊಮೆರಿ ಅದನ್ನು 3,00,000 ಫ್ರಾಂಕಿಗೆ ಕೊಂಡು ದೇಶಕ್ಕೆ ಬಿಟ್ಟುಕೊಟ್ಟಳು. ಮಿಲೆಯ ಅತ್ಯಂತ ಹೆಸರಾದ ಚಿತ್ರ ಆಂಜೆಲುಸ್. ಆಲೂಗಡ್ಡೆ ಹೊಲದಲ್ಲಿ ಸಂಜೆಯ ಇಗರ್ಜಿ ಗಂಟೆ ಕೇಳಿ ಗಂಡಹೆಂಡಿರು ತಲೆಬಾಗಿ ನಿಂತಿದ್ದಾರೆ. ಅದು ಮೊದಲು ಮಾರಾಟವಾದಾಗ ಸಾವಿರ ಫ್ರಾಂಕು. ಅದೇ 1889ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಅಮೆರಿಕದವರು ಮತ್ತು ಫ್ರಾನ್ಸಿನವರು ಹಠಕ್ಕೆ ಬಿದ್ದು 5,53,000 ಫ್ರಾಂಕಿನವರೆಗೆ ಕೂಗಿದರು. ಚಿತ್ರ ಅಮೆರಿಕಕ್ಕೆ ಹೋಯ್ತು. ಮರುವರ್ಷ ಲೂವ್ರ್ ಹೆಸರಿನ ದೊಡ್ಡ ಅಂಗಡಿಯ ಒಡೆಯ ಶೊಷಾರ್ ಇನ್ನೂ ಹೆಚ್ಚು ದುಡ್ಡು ಸುರಿದು ವಾಪಸು ತಂದ. ಬರೆದವನ ಮನೆಯವರಿಗೆ ಒಂದು ಕಾಸು ಬರಲಿಲ್ಲ. ಈ ಸಂಗತಿ ದೊಡ್ಡ ಚರ್ಚೆಯಾಗಿ, ಚಿತ್ರ ಮರುಮಾರಾಟ ಆದಾಗ ಚಿತ್ರಕಾರನಿಗೂ ಅವನ ವಾರಸುದಾರರಿಗೂ ಪಾಲು ಸಿಗಬೇಕು ಅನ್ನೋ ಕಾನೂನು ಫ್ರಾನ್ಸಿನಲ್ಲಿ 1920ರಲ್ಲಿ ಬಂತು. ಚಿತ್ರದಲ್ಲಿ ನಿಂತು ಕೈಮುಗಿದವರಿಗೆ ಪಾಲು ಕೊಡುವ ಕಾನೂನು ಎಲ್ಲೂ ಬರಲಿಲ್ಲ.

ಗುದ್ದಲಿಯವನು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಸೇರಿದ, ಕ್ರಾಕರ್ ಎಂಬ ರೈಲ್ವೆ ಶ್ರೀಮಂತರ ಮನೆಗೆ. ಆ ಕುಟುಂಬದ ಆಸ್ತಿ ಬಂದದ್ದು ಬೆಟ್ಟ ಕೊರೆದು ಹಳಿ ಹಾಕಿದ ಸಾವಿರಾರು ಚೀನೀ ಕೂಲಿಗಳ ಗುದ್ದಲಿಯಿಂದ. ಅಲ್ಲಿ ಆ ಚಿತ್ರವನ್ನು ನೋಡಿದ ಎಡ್ವಿನ್ ಮಾರ್ಕಮ್ ಎಂಬ ಶಾಲಾ ಮೇಷ್ಟ್ರು 1899ರಲ್ಲಿ ಅದೇ ಹೆಸರಿನ ಪದ್ಯ ಬರೆದು ಪತ್ರಿಕೆಗೆ ಕಳಿಸಿದ. ಅಮೆರಿಕ ತುಂಬ ಅದರ ಸದ್ದಾಯ್ತು, ಹಲವು ಭಾಷೆಗಳಿಗೆ ಹೋಯ್ತು. ನಮ್ಮ ಹಳ್ಳಿ ಮೇಷ್ಟ್ರುಗಳು ಇದನ್ನು ನೆನಪಿಡಲಿ.

ವ್ಯಾನ್ ಗೋ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಒಂದೇ ಮಾತು ಹೇಳ್ತೇನೆ. ಸೆನ್ಸಿಯೆಯ ಪುಸ್ತಕ ಓದಿ ಮಿಲೆಯನ್ನು ಗುರು ಅಂತ ಹಚ್ಚಿಕೊಂಡವನು ಅವನು. 1885ರಲ್ಲಿ ಹಾಲೆಂಡಿನ ನ್ಯೂನೆನ್ ಹಳ್ಳಿಯಲ್ಲಿ ಆಲೂಗಡ್ಡೆ ಉಣ್ಣುವವರನ್ನು ಬರೆದ. ಒಂದು ದೀಪ, ಐದು ಜನ, ಒಂದು ತಟ್ಟೆ. ನೆಲ ಅಗೆದ ಕೈಯೇ ತಟ್ಟೆಗೆ ಹೋಗ್ತಿದೆ ಅಂತ ತೋರಿಸೋದು ಅವನ ಆಸೆಯಾಗಿತ್ತು, ತಮ್ಮನಿಗೆ ಹಾಗೆ ಬರೆದಿದ್ದಾನೆ. ಮಿಲೆಯ ಬಯಲಿನ ಒಂಟಿತನ ಇಲ್ಲಿ ಮನೆಯೊಳಗೆ ಬಂದಿದೆ. ಒಂದೇ ತಟ್ಟೆಗೆ ಕೈ ಹಾಕಿದವರ ಕಣ್ಣುಗಳು ಒಂದನ್ನೊಂದು ಕೂಡೋದಿಲ್ಲ. ಆದರೂ ದೀಪ ಒಂದೇ. ಹಟ್ಟಿಯಲ್ಲಿ ಬುಡ್ಡಿದೀಪದ ಸುತ್ತ ಕೂತು ಉಂಡವರಿಗೆ ಈ ಚಿತ್ರಕ್ಕೆ ಟಿಪ್ಪಣಿ ಬೇಡ.

ಮಿಲೆಯ ಮೇಲೆ ನನಗೆ ಜಗಳವೂ ಇದೆ. ಅವನು ನಾನು ಸಮಾಜವಾದಿ ಅಲ್ಲ ಅಂತ ಪದೇಪದೇ ಹೇಳಿದ. ನಾನು ಕಂಡದ್ದನ್ನು ಬರೆದೆ, ಹಳ್ಳಿಯವನಾಗಿ ಹುಟ್ಟಿದೆ, ಹಳ್ಳಿಯವನಾಗಿ ಸಾಯ್ತೇನೆ ಅನ್ನೋ ಧಾಟಿ ಅವನದು. ಬಡತನ ಅವನಿಗೆ ಮಳೆ ಬಿಸಿಲಿನ ಹಾಗೆ, ಆದಮನ ಶಾಪದ ಹಾಗೆ, ಯಾರೋ ಮಾಡಿದ್ದಲ್ಲ. 1871ರಲ್ಲಿ ಪ್ಯಾರಿಸ್ ಕಮ್ಯೂನು ಎದ್ದಾಗ ಕೂರ್ಬೆ ಮುಂದಾಳಾಗಿದ್ದ ಕಲಾವಿದರ ಒಕ್ಕೂಟ ಮಿಲೆಯ ಹೆಸರನ್ನೂ ಸೇರಿಸಿತು. ಶೆರ್ಬೂರಿನಲ್ಲಿದ್ದ ಮಿಲೆ ನನಗೆ ಬೇಡ ಅಂತ ಬಹಿರಂಗವಾಗಿ ಹೇಳಿದ. ಕೂರ್ಬೆ ಬೆಲೆ ತೆತ್ತ. ವೆಂಡೋಮ್ ಚೌಕದ ನೆಪೋಲಿಯನ್ ಕಂಬ ಕೆಡವಿದ ಆರೋಪಕ್ಕೆ ಆರು ತಿಂಗಳ ಸಜೆ, ಆಮೇಲೆ ಕಂಬ ಮತ್ತೆ ಕಟ್ಟುವ ಖರ್ಚು 3,23,091 ಫ್ರಾಂಕು ನೀನೇ ಕೊಡು ಅಂತ ತೀರ್ಪು. ಸ್ವಿಟ್ಜರ್ಲೆಂಡಿಗೆ ಓಡಿಹೋದ. ಮೊದಲ ಕಂತು ಕಟ್ಟುವ ಹಿಂದಿನ ದಿನ, 1877ರ ಡಿಸೆಂಬರ್ 31ರಂದು ಅಲ್ಲೇ ಸತ್ತ. ಇಬ್ಬರಲ್ಲಿ ಯಾರು ನಮಗೆ ಬೇಕು ಅಂತ ಗೆಳೆಯರು ಕೇಳಿದರೆ ಬಾಯಿ ಕೂರ್ಬೆ ಅನ್ನುತ್ತೆ. ಆದರೆ ಅವ್ವ ಗುರುತಿಸಿದ ಕುದುರೆಯವನನ್ನು ಬರೆದದ್ದು ಮಿಲೆ. ಬಾಯಲ್ಲಿ ಇಲ್ಲ ಅಂದದ್ದನ್ನು ಅವನ ಕೈ ಬರೆದುಬಿಟ್ಟಿತ್ತು. ಅವನು ಸತ್ತ ಮೇಲೆ ಸೆನ್ಸಿಯೆ ತನ್ನ ಪುಸ್ತಕದಲ್ಲಿ ಅವನನ್ನು ಭಕ್ತಿವಂತ ಬಡ ಸಂತ ಮಾಡಿ ಕೂರಿಸಿದ. ಆಮೇಲಿನ ಸಂಶೋಧಕರು ಅದರಲ್ಲಿ ಎಷ್ಟೋ ಉತ್ಪ್ರೇಕ್ಷೆ ಅಂತ ತೋರಿಸಿದ್ದಾರೆ. ಸಂತ ಮಾಡಿದರೆ ಚಿತ್ರ ಮನೆಯಲ್ಲಿ ತೂಗುಹಾಕೋದು ಸುಲಭ.

ಒಂದು ವಿಷಯ ಮಾತ್ರ ನನ್ನನ್ನು ಬಿಡೋದಿಲ್ಲ. 1851ರಲ್ಲಿ ಅವನ ಅಜ್ಜಿ ಸತ್ತಳು, ಓದಲು ಕಳಿಸಿದ ಅದೇ ಅಜ್ಜಿ. 1853ರಲ್ಲಿ ಅವ್ವ ಸತ್ತಳು. ಮಗ ಬರಲಿ ಅಂತ ಕಾದಿದ್ದಳು. ಎರಡು ಸಾವಿಗೂ ಅವನು ಹೋಗಲಾಗಲಿಲ್ಲ. ಬಾರ್ಬಿಜಾನಿನಲ್ಲಿ ಕೂತು ಬೇರೆ ಯಾರದೋ ಅವ್ವಂದಿರ ಬಗ್ಗಿದ ಬೆನ್ನುಗಳನ್ನು ಬರೀತಿದ್ದ. ಹೊಲದಿಂದ ಬಂದವನು ನಿಜ, ಈಗ ಹೊಲದಲ್ಲಿ ಇರಲಿಲ್ಲ. ಚಿತ್ರಶಾಲೆಯಲ್ಲಿ ನಿಂತು ನೆನಪಿನಿಂದ ಬರೀತಿದ್ದ. ಆ ಮೂವರು ಹೆಂಗಸರಿಂದ ಅವನು ಎಷ್ಟು ದೂರ ನಿಂತಿದ್ದಾನೆ ಅಂತ ಚಿತ್ರ ನೋಡಿ ಅಳೆಯಬಹುದು. ನಾಲ್ಕು ಮಾರು ಇರಬಹುದು. ಅವರ ಮುಂದೆ ನಿಂತಿದ್ದಾನೆ, ಜೊತೆಗೆ ಬಗ್ಗಿಲ್ಲ. ನಾನು ಅವ್ವನ ಬಗ್ಗೆ ಪದ್ಯ ಬರೆದಾಗೆಲ್ಲ, ರಜೆ ಮುಗಿಸಿ ಬಸ್ಸು ಹತ್ತಿದಾಗೆಲ್ಲ ಈ ನಾಲ್ಕು ಮಾರಿನ ಲೆಕ್ಕ ಬರ್ತದೆ.

ಮಿಲೆ 1875ರ ಜನವರಿ 20ರಂದು ಬಾರ್ಬಿಜಾನಿನಲ್ಲಿ ಸತ್ತ. ಅದರ ಹಿಂದಿನ ವರ್ಷ ಬರೆದ ಒಂದು ಚಿತ್ರವಿದೆ, ಅವನ ಕೊನೆಯ ಚಿತ್ರಗಳಲ್ಲೊಂದು, ಈಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ಗ್ರುಶಿಯ ಬಾಲ್ಯದ ನೆನಪು. ರಾತ್ರಿ ಹೊತ್ತು ಊರವರು ಪಂಜು ಹಚ್ಚಿಕೊಂಡು ಕಾಡುಪಾರಿವಾಳ ಹೊಡೆಯಲು ಹೋಗಿದ್ದಾರೆ. ಬೆಳಕಿಗೆ ಕಣ್ಣು ಕುಕ್ಕಿದ ಹಕ್ಕಿಗಳು ಎದ್ದು ಮುಗಿಬೀಳ್ತಿವೆ, ಇವರು ದೊಣ್ಣೆ ಬೀಸ್ತಿದ್ದಾರೆ. ಅವನ ಬೇರೆ ಚಿತ್ರಗಳ ನಿಶ್ಶಬ್ದ ಇಲ್ಲಿಲ್ಲ, ಬಯಲು ಇಲ್ಲ, ದೂರ ಇಲ್ಲ. ಎಲ್ಲರೂ ಒಂದೇ ಪಂಜಿನ ಬೆಂಕಿಯೊಳಗೆ ಒಬ್ಬರ ಮೇಲೊಬ್ಬರು ಬೀಳೋ ಹಾಗಿದ್ದಾರೆ. ಕೆಳಗೆ ಕತ್ತಲಲ್ಲಿ ಇಬ್ಬರು ನೆಲಕ್ಕೆ ಬಿದ್ದು, ಕೈ ಚಾಚಿ, ಸತ್ತ ಹಕ್ಕಿಗಳನ್ನು ಒಂದೊಂದಾಗಿ ಆಯ್ದುಕೊಳ್ತಿದ್ದಾರೆ.